ಕನಜಾವಾದಲ್ಲಿ ಕೊಂಡ ಹಿರೊಸಾಕಿಯ ಸೇಬು

ಕನಜಾವಾದಲ್ಲಿ ನಮ್ಮನ್ನು ಇಳಿಸಿ ರೈಲು ಹೊರಟು ಅದರ ಕೊನೆಯ ಬೋಗಿಯೂ ಕಣ್ಮರೆಯಾದ ಮೇಲೆ ನನ್ನ ಗಂಡ ಕಿಯೋಹಾರು ನನ್ನ ಕೈ ನೋಡಿದರು, ನಾನು ಅವರ ಕೈ ನೋಡಿದೆ. ಅವರ ಕೈಯಲ್ಲಿ ಕೊಡೆ ಇತ್ತು. ನನ್ನ ಕೈಯಲ್ಲಿ ಅವರ ಕೋಟು ಇತ್ತು. ಬೀಗರಾಗಬೇಕಾದ ಕಿತಾಮುರಾ ಅವರಿಗೆ ಕೊಡಬೇಕಾಗಿದ್ದ ಉಡುಗೊರೆಯ ಗಂಟು ಸೀಟಿನ ಮೇಲಿನ ಹಲಗೆಯಲ್ಲಿ ಆರಾಮಾಗಿ ಕೂತು ರೈಲಿನ ಜೊತೆ ತ್ಸುರುಗಾ ಊರಿನ ಕಡೆ ಹೋಗುತ್ತಿತ್ತು.

"ನೀನು ಇಳಿಸ್ಕೊಂಡೆ ಅಂದ್ಕೊಂಡೆ ಕಣೇ," ಅಂದರು.

"ಕೋಟು ನನ್ನ ಕೈಗೆ ತುರುಕಿ ಬಾಗಿಲಿಗೆ ಓಡಿದ್ದು ಯಾರು? ರೈಲಿಗಿಂತ ಮುಂಚೆ ನೀವೇ ಊರು ಸೇರ್ಬೇಕು!"

ಬೈದೆನೇ ಹೊರತು ನನ್ನ ಕಣ್ಣು ನಿಲ್ದಾಣದ ಗಡಿಯಾರದ ಮೇಲೇ ಇತ್ತು. ಮಧ್ಯಾಹ್ನ ಎರಡಕ್ಕೆ ಕಿತಾಮುರಾ ಅವರ ಮನೆಯಲ್ಲಿರಬೇಕು. ನಾವು ಹೋಗುತ್ತಿದ್ದದ್ದು ಕ್ಷಮೆ ಕೇಳಲು. ಬರಿಗೈಲಿ ಹೋಗಿ ಕ್ಷಮೆ ಕೇಳುವುದುಂಟೆ?

ಕ್ಷಮೆ ಕೇಳುವಂಥದ್ದೇನಾಯಿತು ಅನ್ನುವುದನ್ನೂ ಹೇಳಿಬಿಡುತ್ತೇನೆ. ನಮ್ಮ ಮಗ ತ್ಸುಕಾಸ, ಕಿತಾಮುರಾ ಅವರ ಮಗಳು ಕನೋಕೊಳನ್ನು ಮೆಚ್ಚಿದ. ಹೋದ ಶರತ್ಕಾಲದಲ್ಲಿ ಎರಡು ಮನೆಯವರೂ ಊಟಕ್ಕೆ ಸೇರಿದ್ದೆವು. ಹುಡುಗಿಯ ತಂದೆ ಮೆಲ್ಲಗೆ, "ನಿಮ್ಮ ಹಿರೊಸಾಕಿ ಕಡೆ ಹಿಮ ವಿಪರೀತವಂತೆ. ನಮ್ಮ ಹುಡುಗಿಗೆ ಅಷ್ಟು ಅಭ್ಯಾಸ ಇಲ್ಲ," ಅಂದರು. ನನ್ನ ಗಂಡನ ಹೊಟ್ಟೆಗೆ ಆಗಲೇ ಸಾಕೆ ಮದ್ಯ ಇಳಿದಿತ್ತು. "ಹಿಮ ಎತ್ತಿಹಾಕೋಕಾಗ್ದಿದ್ರೆ ನಿಮ್ಮ ಬೊಂಬೇನ ಗಾಜಿನ ಬೀರುವಲ್ಲೇ ಇಟ್ಕೊಳ್ಳಿ!" ಅಂದುಬಿಟ್ಟರು. ಕಿತಾಮುರಾ ಊಟ ಬಿಟ್ಟು ಎದ್ದು ಹೋದರು. ಅಪ್ಪ ತಲೆಯಾಡಿಸದೆ ಮದುವೆಯಿಲ್ಲ ಎಂದು ಕನೋಕೊ ಪಟ್ಟು ಹಿಡಿದಳು. ಅವಳ ತಾಯಿ ಚಳಿಗಾಲವೆಲ್ಲ ಗಂಡನ ಕಾಲು ಹಿಡಿದಂತೆ ಬೇಡಿ ಈ ಒಂದು ಭೇಟಿಗೆ ಒಪ್ಪಿಸಿದ್ದಳು. ಇನ್ನೊಂದು ಸಿಗುವುದಿಲ್ಲ ಎಂದು ನಮಗೆಲ್ಲ ಗೊತ್ತಿತ್ತು.

ನಾವು ಮುಂದಿಟ್ಟ ಉಡುಗೊರೆಯನ್ನು ಕಿತಾಮುರಾ ತಮ್ಮ ಕಡೆಗೆ ಎಳೆದುಕೊಂಡರೆ ಕ್ಷಮಿಸಿದಂತೆ. ಚಾಪೆಯ ಮೇಲೆ ಇಟ್ಟಲ್ಲೇ ಬಿಟ್ಟರೆ, ಎತ್ತಿಕೊಂಡು ವಾಪಸು ಬರಬೇಕು, ಮಗನಿಗೆ ಮುಖ ತೋರಿಸಬೇಕು. ಅದಕ್ಕೇ ನಮ್ಮೂರಿನ ಕುಶಲಕರ್ಮಿಗೆ ಹೇಳಿ, ಪದರದ ಮೇಲೆ ಪದರ ಅರಗಿನ ಬಣ್ಣ ಹಚ್ಚಿ ಉಜ್ಜಿದ ಪೆಟ್ಟಿಗೆ ಮಾಡಿಸಿದ್ದೆ. ಚಳಿಗಾಲವೆಲ್ಲ ಅದಕ್ಕೇ ಹೋಗಿತ್ತು. ರೈಲಿನಲ್ಲಿ ಬಿಟ್ಟ ಗಂಟಿನಲ್ಲಿದ್ದದ್ದು ಅದೇ.

ನಿಲ್ದಾಣದ ನೌಕರ ಫೋನಿನಲ್ಲಿ ವಿಚಾರಿಸಿದ. "ಗಂಟು ಸಿಕ್ಕಿದೆಯಮ್ಮಾ, ಜೋಪಾನವಾಗಿದೆ. ಸಾಯಂಕಾಲ ಕೈಗೆ ಸಿಗುತ್ತೆ," ಎಂದು ಸಂತೋಷದಿಂದ ಹೇಳಿದ. ಸಾಯಂಕಾಲ ಅದನ್ನು ಇಟ್ಟುಕೊಂಡು ನಾನೇನು ಪೂಜೆ ಮಾಡಲೇ?

ನಿಲ್ದಾಣದ ಅಂಗಡಿಸಾಲಿಗೆ ನುಗ್ಗಿದೆವು. ಚಿನ್ನದ ರೇಕು ಅಂಟಿಸಿದ ಕೇಕು, ಚಿನ್ನದ ರೇಕು ಉದುರಿಸಿದ ಚಹಾ, ಚಿನ್ನದ ರೇಕಿನ ಸಾಬೂನು. ಆ ಊರೇ ಚಿನ್ನದ ರೇಕಿಗೆ ಹೆಸರಾದದ್ದು, ಕಿತಾಮುರಾ ತಮ್ಮ ಜೀವಮಾನವಿಡೀ ಆ ರೇಕು ಬಡಿಯುವ ಕಸುಬು ಮಾಡಿದವರು.

"ಈ ಬಾತುಕೋಳಿ ಆಕಾರದ ಸಾಬೂನು ಚೆನ್ನಾಗಿದೆ," ಎಂದರು ನನ್ನ ಗಂಡ.

"ಇಡ್ರೀ ಅದನ್ನ! ಅವರೂರಿನದನ್ನೇ ಅವರಿಗೆ ಕೊಡೋದಾ? ದಾರೀಲಿ ಸಿಕ್ಕಿದ್ದು ಎತ್ಕೊಂಡು ಬಂದ್ರು ಅಂತ ಮುಖಕ್ಕೆ ಹೊಡೆದ ಹಾಗೆ ಗೊತ್ತಾಗುತ್ತೆ. ಕ್ಷಮೆ ಕೇಳೋಕೆ ಹೋಗಿ ಇನ್ನೊಂದು ಅವಮಾನ ಮಾಡಿ ಬರೋಣ ಅಂತೀರಾ?"

ಅವರು ಬಾತುಕೋಳಿಯನ್ನು ಕೆಳಗಿಟ್ಟರು. ಕೊಡೆಯನ್ನು ಎದೆಗೆ ಅವುಚಿಕೊಂಡು, "ನೀನೇ ಏನಾದ್ರೂ ಮಾಡು ಕಣೇ," ಅಂದರು. ಮೂವತ್ತು ವರ್ಷ ಸಂಸಾರ ಮಾಡಿದ್ದೇನೆ, ಆ ಮನುಷ್ಯ ಹೆದರಿದ್ದನ್ನು ನಾನು ಕಂಡಿರಲಿಲ್ಲ. ನನಗೆ ಇನ್ನಷ್ಟು ದಿಗಿಲಾಯಿತು.

ಆಮೇಲೆ ಕಂಬದ ಮೇಲೊಂದು ಭಿತ್ತಿಪತ್ರ ಅವರ ಕಣ್ಣಿಗೇ ಬಿತ್ತು. ಊರೊಳಗಿನ ದೊಡ್ಡ ಮಳಿಗೆಯ ಮೇಲಿನ ಅಂತಸ್ತಿನಲ್ಲಿ ಉತ್ತರ ಸೀಮೆಯ ಪದಾರ್ಥಗಳ ಮೇಳ. ಒಣಮೀನು, ಕಬ್ಬಿಣದ ಚಹಾಕೆಟಲು, ನಮ್ಮ ಹಿರೊಸಾಕಿಯ ಸೇಬಿನ ಮಿಠಾಯಿ ಎಲ್ಲ ಇದೆಯಂತೆ.

ಟ್ಯಾಕ್ಸಿ ಹಿಡಿದು ಹೋದೆವು. ಮೇಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಸೇಬಿನ ಮಿಠಾಯಿಯ ಅಂಗಡಿಯಲ್ಲಿ ನನ್ನ ವಯಸ್ಸಿನ ಹೆಂಗಸೊಬ್ಬಳು ರುಚಿಗೆ ಚೂರು ಹಂಚುತ್ತಾ ಕೂಗುತ್ತಿದ್ದಳು. ನಾನು ಬಾಯಿ ಬಿಟ್ಟ ಕೂಡಲೇ ಅವಳ ಕಣ್ಣು ಅರಳಿತು.

"ಅಯ್ಯೋ, ನಮ್ಮೂರ ಮಾತು! ಹಿರೊಸಾಕಿಯೋರಾ? ಅಲ್ರೀ ಅಕ್ಕಾ, ಇಷ್ಟು ದೂರ ಬಂದು ಊರಿನ ಸೇಬೇ ಕೊಂಡ್ಕೊಂಡ್ ಹೋಗ್ತೀರಾ? ಅಷ್ಟೊಂದು ಮಿಸ್ ಮಾಡ್ಕೊಂಡ್ರಾ?"

"ನಗಬೇಡಿ ತಂಗೀ, ಜೀವ ಹೋಗ್ತಿದೆ ನನಗೆ. ಒಂದು ದೊಡ್ಡ ಡಬ್ಬಿ ಕೊಡಿ. ಈ ದೊಡ್ಡ ಮಳಿಗೆಯ ಹೆಸರಿರೋ ಕಾಗದ ಮಾತ್ರ ಸುತ್ತಬೇಡಿ."

ಕನಜಾವಾದವರೆಲ್ಲ ಕಣ್ಣು ಮುಚ್ಚಿ ಗುರುತಿಸುವ ಕಾಗದ ಅದು. ಅವಳಿಗೆ ಅರ್ಥವಾಯಿತು. ಕೇಳದೆಯೇ ಅರ್ಥ ಮಾಡಿಕೊಂಡದ್ದಕ್ಕೆ ಅಲ್ಲೇ ಅತ್ತುಬಿಡುವಂತಾಯಿತು. ಮಿಠಾಯಿಯವರ ಸ್ವಂತ ಕಾಗದದಲ್ಲಿ ಮೂಲೆ ಮೂಲೆ ಹೊಂದಿಸಿ ಸುತ್ತಿದಳು. ಸುತ್ತಿದ ಮೇಲೆ ಕೈ ಅಭ್ಯಾಸಕ್ಕೆ ದೊಡ್ಡ ಮಳಿಗೆಯ ಮುದ್ರೆಯ ಅಂಟುಚೀಟಿ ಹಚ್ಚಿಯೇಬಿಟ್ಟಳು. ನಾವಿಬ್ಬರೂ ಅದನ್ನು ನೋಡಿದ್ದು ಕಿತಾಮುರಾ ಅವರ ಮನೆ ಕಡೆಯ ಬಸ್ಸಿನಲ್ಲಿ. ಉಗುರಿನಿಂದ ಕೆರೆದೆ. ಚೀಟಿಯ ಜೊತೆ ಕಾಗದವೂ ಕಿತ್ತು ಬಂತು.

"ಹರಿದ ಕಡೆ ಕೆಳಗಿಟ್ಟು ಕೊಟ್ರಾಯ್ತು," ಅಂದರು ನನ್ನ ಗಂಡ.

"ನೀವು ಬಾಯಿ ತೆಗೀಬೇಡಿ. ಇಲ್ಲೂ ತೆಗೀಬೇಡಿ, ಅಲ್ಲೂ ತೆಗೀಬೇಡಿ. ತಲೆ ಬಗ್ಗಿಸಿ 'ತಪ್ಪಾಯ್ತು' ಅನ್ನಿ, ಸಾಕು. ಮಿಕ್ಕಿದ್ದು ನನಗೆ ಬಿಡಿ."

ಕಿತಾಮುರಾ ಅವರ ಮನೆಯ ಒಳಕೋಣೆಯಲ್ಲಿ ಮಂಡಿಯೂರಿ ಕೂತೆವು. ಹುಡುಗಿಯ ತಾಯಿ ಬಾಗಿಲ ಬಳಿ ಕೂತು ಕರವಸ್ತ್ರವನ್ನು ಹಿಂಡುತ್ತಿದ್ದಳು. ಗೋಡೆಯಾಚೆ ಕನೋಕೊ ಇದ್ದಳೆಂದು ನೆಲದ ಕಿರುಗುಟ್ಟುವಿಕೆಯಿಂದ ತಿಳಿಯಿತು. ನನ್ನ ಗಂಡ ಹಣೆ ಚಾಪೆಗೆ ಮುಟ್ಟುವಂತೆ ಬಾಗಿದರು. "ಅವತ್ತು ಆಡಬಾರದ ಮಾತಾಡಿದೆ. ತಪ್ಪಾಯ್ತು," ಅಂದರು. ಹೇಳಿಕೊಟ್ಟಿದ್ದಷ್ಟೇ. ನನಗೆ ಅರ್ಧ ಉಸಿರು ಬಂತು. ಡಬ್ಬಿಯನ್ನು ಮುಂದೆ ಸರಿಸಿದೆ.

"ನಮ್ಮೂರಿನ ಸೇಬಿನ ಮಿಠಾಯಿ. ಏನೂ ವಿಶೇಷ ಅಲ್ಲ..."

ಕಿತಾಮುರಾ ಡಬ್ಬಿ ನೋಡಿದರು. ಬಡಿದು ಬಡಿದು ಗಡುಸಾದ ಅವರ ಕೈಗಳು ತೊಡೆಯ ಮೇಲೆ ಹಾಗೇ ಇದ್ದವು.

"ಅಲ್ಲಿಂದ ಇಲ್ಲೀವರೆಗೂ ಹೊತ್ಕೊಂಡು ಬಂದ್ರಾ," ಎಂದು ಕೇಳಿದರು.

"ಹೌದು" ಎನ್ನಲು ನಾನು ಬಾಯಿ ತೆರೆದಿದ್ದೆ.

"ಇಲ್ಲ ಬೀಗರೇ," ಅಂದರು ನನ್ನ ಗಂಡ. "ಹೊತ್ಕೊಂಡು ಬಂದಿದ್ದನ್ನ ರೈಲಲ್ಲಿ ಬಿಟ್ಟೆ. ಇದು ಇಲ್ಲೇ, ನಿಮ್ಮೂರ ಮೇಳದಲ್ಲಿ ಈಗ ತಾನೇ ಕೊಂಡಿದ್ದು. ಇವಳು ಚೀಟಿ ಕೆರೆದು ಮುಚ್ಚಿಟ್ಟಳು. ಒಂದ್ಸಲ ನಿಮಗೆ ಅವಮಾನ ಮಾಡಿದ್ದು ಸಾಕು. ಈಗ ಸುಳ್ಳೂ ಹೇಳಿ ನಿಮ್ಮ ಹುಡುಗೀನ ಕೇಳೋಕೆ ನನ್ನಿಂದಾಗಲ್ಲ."

ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಹುಡುಗಿಯ ತಾಯಿ ಕಣ್ಣು ಮುಚ್ಚಿಕೊಂಡಳು. ತ್ಸುಕಾಸನಿಗೆ ಫೋನಿನಲ್ಲಿ ಏನೆಂದು ಹೇಳಲಿ ಎಂದು ನಾನಾಗಲೇ ಮಾತು ಜೋಡಿಸತೊಡಗಿದ್ದೆ.

"ಆ ಮೇಳಕ್ಕೆ ನಾನೂ ಹೋಗಿದ್ದೆ, ನಿನ್ನೆ," ಎಂದರು ಕಿತಾಮುರಾ.

ಅವರ ಹೆಂಡತಿ ಕಣ್ಣು ಬಿಟ್ಟಳು. ಅವಳಿಗೂ ಅದು ಗೊತ್ತಿರಲಿಲ್ಲವೆಂದು ಕಾಣುತ್ತದೆ.

"ಹುಡುಗಿ ಆ ಕಡೆ ಹೋದ್ರೆ ಏನು ತಿಂತಾಳೆ, ಯಾವುದರಲ್ಲಿ ಉಣ್ತಾಳೆ, ಎಂಥ ಜನರ ಮಧ್ಯೆ ಇರ್ತಾಳೆ ಅಂತ ನೋಡೋಣ ಅನ್ನಿಸ್ತು. ಮಳಿಗೆ ಮಳಿಗೆ ಸುತ್ತಿದೆ. ಒಂದು ಪದಾರ್ಥದ ಹೆಸರೂ ಗೊತ್ತಾಗ್ಲಿಲ್ಲ. ಅಲ್ಲಿಯೋರು ಆಡೋ ಮಾತೂ ತಿಳೀಲಿಲ್ಲ. ಮಗಳ್ನ ಕಳಿಸೋ ಊರಿನ ಬಗ್ಗೆ ಒಂದೂ ಗೊತ್ತಿಲ್ವಲ್ಲ ಅಂತ ಹೆದರಿಕೆಯಾಗಿ ಬರಿಗೈಲಿ ಬಂದ್ಬಿಟ್ಟೆ."

ನನ್ನ ಗಂಡ ತಲೆಯೆತ್ತಿದರು. ಅವರ ಕೆನ್ನೆ ಒದ್ದೆಯಾಗಿತ್ತು.

ಕಿತಾಮುರಾ ಡಬ್ಬಿಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಉಡುಗೊರೆ ತಂದವರು ಹೋಗುವವರೆಗೆ ಕಟ್ಟು ಬಿಚ್ಚದಿರುವುದು ನಮ್ಮಲ್ಲಿ ಪದ್ಧತಿ, ಆದರೆ ಅವರು ನಮ್ಮೆದುರೇ ಕಾಗದವನ್ನು ಪರ್ರನೆ ಹರಿದು ಮುಚ್ಚಳ ತೆಗೆದು ನನ್ನ ಗಂಡನ ಕಡೆ ತಿರುಗಿಸಿದರು.

"ಹೇಳಿ ಬೀಗರೇ," ಅಂದರು. "ಇದನ್ನ ನಿಮ್ಮ ಕಡೆ ಹೆಂಗೆ ತಿಂತಾರೆ?"