ನುಂಗಿದ ಕೆಮ್ಮು

ಕೆಮ್ಮು ಬಂದು ಗಂಟಲಲ್ಲೇ ಕೂತುಬಿಟ್ಟಿತ್ತು. ಹೆಸ್ಟರ್ ಚೀಲದೊಳಗೆ ಕೈಹಾಕಿ ಪೆಪ್ಪರಮೆಂಟಿಗಾಗಿ ತಡಕಿದಳು. ಸಿಕ್ಕಿದ್ದು ಬರೀ ಕಾಗದ. ಎದುರಿಗೆ ಹುಲ್ಲಿನ ಮೇಲೆ ಅವಳ ಗಂಡ ಆಂಬ್ರೋಸ್ ಬೋರಲು ಮಲಗಿ ಬಂದೂಕಿಗೆ ಕೆನ್ನೆ ಕೊಟ್ಟಿದ್ದ. ಗುರಿ ಸಾವಿರ ಗಜ ದೂರದಲ್ಲಿತ್ತು. ರಾಜನ ಬಹುಮಾನ ಎಂಬ ಪಂದ್ಯದ ಅಂತಿಮ ಸುತ್ತು, ಅದರಲ್ಲೂ ಅವನ ಕೊನೆಯ ಗುಂಡು. ನಡುವೃತ್ತಕ್ಕೆ ಬಿದ್ದರೆ ಪದಕ ಅವನದು. ಗೆರೆಯಾಚೆ ಹೋದರೆ ಆಗಲೇ ಮುಗಿಸಿ ಎದ್ದಿರುವ ಸ್ಕಾಟ್ಲೆಂಡಿನ ಹುಡುಗಿ ಮೊರಾಗ್‌ಳದು.

ಈ ಪದಕದ ಹುಚ್ಚು ಅವರ ಮದುವೆಗಿಂತ ಹಳೆಯದು. ಆಂಬ್ರೋಸ್ ಗಿಲ್ಡ್‌ಫರ್ಡ್‌ನಲ್ಲಿ ಛಾವಣಿ ಹೊದಿಸುವವನು. ಜುಲೈ ಬಂತೆಂದರೆ ಏಣಿ ಕೆಳಗಿಟ್ಟು, ಬಂದೂಕು ಹೆಗಲಿಗೇರಿಸಿ ಬಿಸ್ಲಿಯ ಬಂದೂಕಿನ ಕೂಟಕ್ಕೆ ಹೊರಟುಬಿಡುತ್ತಿದ್ದ. ಆಗ ಅದು ರಾಣಿಯ ಬಹುಮಾನ. ರಾಣಿ ಹೋಗಿ ಮಗ ರಾಜನಾದ, ಬಹುಮಾನದ ಹೆಸರು ಬದಲಾಯಿತು; ಆಂಬ್ರೋಸನ ಆಸೆ ಮಾತ್ರ ಬದಲಾಗಲಿಲ್ಲ. ಈಗ ಅವನ ಬಲಗಣ್ಣಿನ ನಡುವೆ ಮಬ್ಬು ಹರಡುತ್ತಿತ್ತು. ಮುಂದಿನ ಜುಲೈಗೆ ಗುರಿ ಕಾಣುವುದಿಲ್ಲ ಎಂದು ವೈದ್ಯೆ ಸುತ್ತಿಬಳಸದೆ ಹೇಳಿದ್ದಳು.

ಬೆಳಿಗ್ಗೆ ಪಕ್ಕದ ಕ್ಯಾರವಾನಿನ ಬಾರ್ನಬಿ ಹಂದಿಮಾಂಸ ಹುರಿಯುತ್ತ, ಎಲ್ಲರಿಗೂ ಕೇಳಿ ಕೇಳಿ ಸಾಕಾದ, ನೂರೈವತ್ತು ವರ್ಷಕ್ಕೂ ಹಿಂದಿನ ವಿಕ್ಟೋರಿಯಾ ರಾಣಿಯ ಕಥೆಯನ್ನು ಮತ್ತೆ ತೆಗೆದಿದ್ದ. ಈ ಕೂಟದ ಮೊಟ್ಟಮೊದಲ ಗುಂಡು ಹಾರಿಸಿದವಳೇ ಆಕೆಯಂತೆ. ಬಂದೂಕನ್ನು ಮೊದಲೇ ಗುರಿಗೆ ಹೊಂದಿಸಿ, ಅಲ್ಲಾಡದ ಹಾಗೆ ಬಿಗಿದು, ರಾಣಿಯ ಕೈಗೊಂದು ರೇಷ್ಮೆ ದಾರ ಕೊಟ್ಟರು. ಎಳೆದಳು, ಗುಂಡು ನಟ್ಟನಡುವೆ ಹೋಗಿ ಬಿತ್ತು.

"ರಾಣಿಗಾದ್ರೆ ಗುರಿ ಇಟ್ಟುಕೊಡೋಕೆ ಜನ ಇದ್ರು. ಇವತ್ತು ನಿನಗ್ಯಾರಪ್ಪಾ ಇದಾರೆ?" ಅಂದ ಬಾರ್ನಬಿ.

"ಯಾರೂ ಇಲ್ಲ. ಅದಕ್ಕೇ ಅಲ್ವಾ ಆ ಪದಕಕ್ಕೆ ಬೆಲೆ," ಅಂದ ಆಂಬ್ರೋಸ್.

ತಂಡದ ಪಂದ್ಯಗಳಲ್ಲಾದರೆ ಅವನ ಬೆನ್ನ ಹಿಂದೆ ಕೂತು ಗಾಳಿ ನೋಡಿ ಹೇಳುವವಳು ಹೆಸ್ಟರ್. ಅಲ್ಲಿ ಅದಕ್ಕೆ ಅವಕಾಶವುಂಟು. ಮೊದಮೊದಲು ಬಾಯಿಬಿಟ್ಟು ಹೇಳುತ್ತಿದ್ದಳು. ವರ್ಷ ಕಳೆದ ಹಾಗೆ ಮಾತು ಸವೆದು ಸವೆದು ಒಂದು ಕೆಮ್ಮಿಗೆ ಬಂದು ನಿಂತಿತು. ಅವಳು ಕೆಮ್ಮಿದರೆ ತಡೆ, ಗಾಳಿ ತೋರಿಸುವ ಬಾವುಟ ನೋಡು ಎಂದರ್ಥ. ಗಂಡಹೆಂಡಿರ ನಡುವೆ ಹೀಗೆಲ್ಲ ಆಗುತ್ತದೆ. ಆದರೆ ರಾಜನ ಬಹುಮಾನದಲ್ಲಿ ಪ್ರತಿಯೊಬ್ಬರೂ ಒಂಟಿ. ಹಿಂದೆ ಕೂತವರು ಕಮಕ್ ಕಿಮಕ್ ಅನ್ನಕೂಡದು.

ಹಾಳಾದ ನೆಗಡಿ ಈ ವಾರವೇ ಅಂಟಿಕೊಳ್ಳಬೇಕೇ. ಎದ್ದು ದೂರ ಹೋಗಿಬಿಡೋಣವೆಂದು ಅವಳು ಆಗಲೇ ಯೋಚಿಸಿದ್ದಳು. ಆದರೆ ಆಂಬ್ರೋಸ್ ಮಲಗುವ ಮೊದಲು ಒಮ್ಮೆ ತಿರುಗಿ, ಅವಳಿದ್ದಾಳೆಯೇ ಎಂದು ನೋಡಿಕೊಂಡಿದ್ದ. ಆಮೇಲೆ ಏಳಲು ಮನಸ್ಸಾಗಲಿಲ್ಲ.

ಅಷ್ಟರಲ್ಲಿ ಗಾಳಿ ನಿಂತಿತು. ಮಧ್ಯಾಹ್ನವಿಡೀ ಗಾಳಿ ಎಡದಿಂದ ಬೀಸುತ್ತಿತ್ತು. ಅದಕ್ಕೆ ತಕ್ಕಂತೆ ಆಂಬ್ರೋಸ್ ತನ್ನ ಗುರಿಯನ್ನು ಎಡಕ್ಕೆ ಹೊಂದಿಸಿಟ್ಟಿದ್ದ. ಒಂದೇ ಕಣ್ಣನ್ನು ಗುರಿಗೆ ನೆಟ್ಟುಕೊಂಡವನಿಗೆ, ದೂರದ ಬಾವುಟಗಳು ಜೋತುಬಿದ್ದದ್ದು ಕಾಣಲಿಲ್ಲ. ಹೆಸ್ಟರ್‌ಗೆ ಕಂಡಿತು.

ಗಂಟಲಲ್ಲಿದ್ದದ್ದು ನಿಜದ ಕೆಮ್ಮೇ, ದೇವರಾಣೆಗೂ ನೆಗಡಿಯದ್ದೇ. ಯಾರು ಕೇಳಿದರೂ ಹಾಗೆ ಹೇಳಬಹುದಿತ್ತು, ಹೇಳಿದರೆ ಸುಳ್ಳೂ ಅಲ್ಲ. ಬಾಯಿ ತೆರೆದರೆ ಸಾಕು. ಅವನು ತಲೆ ಎತ್ತುತ್ತಾನೆ, ಬಾವುಟ ನೋಡುತ್ತಾನೆ, ಪದಕ ಮನೆಗೆ ಬರುತ್ತದೆ. ಹೆಸ್ಟರ್ ಕರವಸ್ತ್ರವನ್ನು ಬಾಯಿಗೆ ಒತ್ತಿ ಹಿಡಿದಳು. ಎದೆ ಒಳಗೊಳಗೇ ಹಾರಿತು, ಕಣ್ಣಲ್ಲಿ ನೀರು ತುಂಬಿತು. ಕೆಮ್ಮನ್ನು ನುಂಗಿದಳು.

ಗುಂಡು ಹಾರಿತು.

ಗುರಿಹಲಗೆ ಕೆಳಗಿಳಿದು, ನಿಧಾನವಾಗಿ ಮತ್ತೆ ಮೇಲೆ ಬಂತು. ಗುರುತು ನಡುವೃತ್ತದ ಎಡಕ್ಕೆ, ಗೆರೆಯಿಂದ ಒಂದಿಷ್ಟೇ ಆಚೆ ಕೂತಿತ್ತು. ಜನ ಒಮ್ಮೆ ಉಸಿರುಬಿಟ್ಟರು, ಆಮೇಲೆ ಮೊರಾಗ್‌ಳ ಕಡೆಯವರು ಚಪ್ಪಾಳೆ ತಟ್ಟಿದರು. ಈಗ ಹೆಸ್ಟರ್ ಎಷ್ಟು ಬೇಕಾದರೂ ಕೆಮ್ಮಬಹುದಿತ್ತು. ಆದರೆ ಕೆಮ್ಮೇ ಬರಲಿಲ್ಲ.

ಆಂಬ್ರೋಸ್ ಮೊಣಕಾಲೂರಿ ಎದ್ದು, ಚಾಪೆ ಸುತ್ತಿಕೊಂಡು ಅವಳ ಬಳಿ ಬಂದ. ತೋಳಿಗೆ ಬಿಗಿದಿದ್ದ ಬಂದೂಕಿನ ಪಟ್ಟಿ ಬಿಚ್ಚತೊಡಗಿದ.

"ಗಾಳಿ ನಿಂತಿತ್ತಾ?"

"ನಿಂತಿತ್ತು."

"ನೀನು ನೋಡಿದ್ಯಾ?"

"ನೋಡ್ದೆ."

ಅವನು ತಲೆಯಾಡಿಸಿದ. ಹೆಸ್ಟರ್‌ಗೆ ಅವನ ಕೊನೆಯ ಜುಲೈಯನ್ನು ತಾನೇ ಕೈಯಾರೆ ಕಿತ್ತುಕೊಂಡೆನೆಂದು ಅನ್ನಿಸಿತು. ಗಂಟಲಿನ ಸಂಗತಿ ಹೇಳಿಬಿಡಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಅವನು, ಫ್ಲಾಸ್ಕಿನಲ್ಲಿ ಟೀ ಉಳಿದಿದೆಯೇ ಎಂದು ಕೇಳಿದ. ಅವಳು ಬಗ್ಗಿಸಿಕೊಟ್ಟಳು.

ಗೆದ್ದವರನ್ನು ಕುರ್ಚಿಯಲ್ಲಿ ಕೂರಿಸಿ, ವಾದ್ಯ ಬಾರಿಸುತ್ತ ಹೊತ್ತೊಯ್ಯುವುದು ಇಲ್ಲಿನ ಪದ್ಧತಿ. ಈ ದಿನದ ಮಟ್ಟಿಗೆ ಗೆದ್ದವರೇ ಅರಸರು. ಹೊರುವುದಕ್ಕೆ ಒಂದು ಹೆಗಲು ಕಡಿಮೆ ಬಿದ್ದಿದೆ ಎಂದು ಬಾರ್ನಬಿ ಕೂಗಿ ಕರೆದ. ಆಂಬ್ರೋಸ್ ಟೀ ಲೋಟವನ್ನು ಹೆಂಡತಿಯ ಕೈಗೆ ಕೊಟ್ಟು, ಹೋಗಿ ಮುಂದಿನ ಕೋಲಿಗೆ ಹೆಗಲು ಕೊಟ್ಟ. ಮೊರಾಗ್ ನಾಚಿಕೊಂಡು, ಭಾರವಾಗುತ್ತಿದೆಯೇ ಎಂದು ಮೇಲಿನಿಂದ ಕೇಳಿದಳು. ಹೆಂಚಿನ ಹೊರೆ ಹೊತ್ತವನಿಗೆ ಇದ್ಯಾವ ಭಾರ ಎಂದು ಅವನು ನಕ್ಕ.

ಮೆರವಣಿಗೆ ಹೊರಟಿತು. ಹೆಸ್ಟರ್ ಲೋಟ ಹಿಡಿದು ಹಿಂದೆ ಹಿಂದೆ ನಡೆದಳು. ವಾದ್ಯದವರು ಒಂದು ಹಾಡು ಮುಗಿಸಿ ಇನ್ನೊಂದಕ್ಕೆ ಉಸಿರೆಳೆದುಕೊಳ್ಳುವ ಆ ಸಂದಿನಲ್ಲಿ, ಅಷ್ಟು ಹೊತ್ತು ಅಡಗಿದ್ದ ಕೆಮ್ಮು ಹೇಳದೆ ಕೇಳದೆ ಹೊರಗೆ ಬಂತು.

ಕುರ್ಚಿ ತಟಕ್ಕನೆ ನಿಂತಿತು. ಹಿಂದಿನ ಕೋಲು ಹೊತ್ತಿದ್ದ ಬಾರ್ನಬಿ ಮುಗ್ಗರಿಸಿದ. ಮೊರಾಗ್ ವಾಲಿ ಕುರ್ಚಿಯ ಕೈ ಹಿಡಿದುಕೊಂಡಳು.

"ಏನಯ್ಯಾ, ಯಾಕ್ ನಿಂತುಬಿಟ್ಟೆ?" ಅಂದ ಬಾರ್ನಬಿ.

ಆಂಬ್ರೋಸನ ಹೆಗಲ ಮೇಲೆ ಕೋಲು ಹಾಗೇ ಇತ್ತು. ಅವನು ಕತ್ತೆತ್ತಿ, ಬಯಲಿನಾಚೆಯ ಬಾವುಟಗಳನ್ನು ನೋಡುತ್ತಿದ್ದ. ಆಮೇಲೆ ನಿಧಾನವಾಗಿ ಹಿಂದಕ್ಕೆ ತಿರುಗಿದ. ಹೆಸ್ಟರ್ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ಚೆಲ್ಲುತ್ತಿದ್ದ ಟೀ ಹಿಡಿದುಕೊಂಡು ನಿಂತಿದ್ದಳು.