ಒಸಿ ಒಳಕ್ಕೆ

ಕೆಂಚಮ್ಮ ಕೆಲಸದ ದಿನ ನೀರು ಕುಡಿಯುತ್ತಿರಲಿಲ್ಲ. ಬೆಳಿಗ್ಗೆ ಏಳೂವರೆಗೆ ಹೊಂಗನೂರಿನಲ್ಲಿ ನಮ್ಮ ವ್ಯಾನ್ ಹತ್ತುವ ಮೊದಲು ಒಂದು ಲೋಟ ಕುಡಿದರೆ ಮುಗಿಯಿತು, ಮತ್ತೆ ಸಂಜೆ ಮನೆಯಲ್ಲೇ. ಬಯಲಲ್ಲಿ ಹೆಂಗಸು ಮರೆಗೆ ಹೋಗಬೇಕೆಂದರೆ ಪೊದೆ ಬೇಕು. ಆ ಪೊದೆಗಳನ್ನು ಬೆಳಿಗ್ಗೆ ಬಂದ ಕೂಡಲೇ ಅವಳೇ ಕಡಿದು ಹಾಕಿರುತ್ತಿದ್ದಳು. ಲಂಟಾನ ಸವರಿ, ಜಮೀನು ಅಳೆಯುವ ನಮ್ಮ ಮಿಷನ್ನಿನ ಕಣ್ಣಿಗೆ ದಾರಿ ಮಾಡಿಕೊಡುವುದು ಅವಳ ಮೊದಲ ಕೆಲಸ. ಅವಳ ಮುಂಗೈ ತುಂಬ ಗೀರುಗಳು. ಒಮ್ಮೆ ಬಸ್ಸಿನಲ್ಲಿ ಫ್ರೀ ಟಿಕೆಟ್ ಹರಿದು ಕೊಡುತ್ತಾ ಕಂಡಕ್ಟರು, "ಏನಮ್ಮಾ, ಬೆಕ್ಕು ಸಾಕಿದ್ದೀಯಾ?" ಎಂದು ಕೇಳಿದ್ದನಂತೆ.

ಎರಡನೆಯ ಕೆಲಸ ಕೋಲು. ಆಳೆತ್ತರದ ಕೋಲು, ಅದರ ತುದಿಗೆ ಒಂದು ಗಾಜು, ನಡುವೆ ಪುಟ್ಟ ಡಬ್ಬಿಯಲ್ಲಿ ಒಂದು ನೀರಿನ ಗುಳ್ಳೆ. ಜಮೀನಿನ ಮೂಲೆ ಮೂಲೆಗೆ ಹೋಗಿ ಆ ಕೋಲನ್ನು ನೆಟ್ಟಗೆ ಹಿಡಿದು ನಿಲ್ಲಬೇಕು, ಗುಳ್ಳೆ ಸರಿಯಾಗಿ ನಡುವೆ ಇರಬೇಕು. ದೂರದಲ್ಲಿ ಮೂರು ಕಾಲಿನ ಮಿಷನ್ ಇಟ್ಟುಕೊಂಡು ನಾನು ನೋಡುತ್ತೇನೆ, ಗುಂಡಿ ಒತ್ತುತ್ತೇನೆ. ಕೋಲು ಎಲ್ಲಿ ನಿಂತಿದೆಯೋ ಅದೇ ಜಮೀನಿನ ಮೂಲೆ ಎಂದು ಮಿಷನ್ ಬರೆದುಕೊಳ್ಳುತ್ತದೆ. ಅದಕ್ಕೆ ಗಡಿಯ ಬಾಂದು ಕಲ್ಲು ಗೊತ್ತಿಲ್ಲ, ಹೊಲ ಗೊತ್ತಿಲ್ಲ, ಕೋಲು ಮಾತ್ರ ಗೊತ್ತು. ಗುಂಡಿ ಒತ್ತಿದ ಮೇಲೆ ಕೆಂಚಮ್ಮ ತಾನು ನಿಂತಲ್ಲಿ ಒಂದು ಗೂಟ ಹೊಡೆದು ತಲೆಗೆ ಕೆಂಪು ಬಣ್ಣ ಬಳಿಯುತ್ತಾಳೆ. ಮಾರನೆಯ ದಿನ ಸಿಮೆಂಟ್ ಕಂಬದವರು ಬಂದು ಅಲ್ಲೇ ಬೇಲಿ ಹಾಕುತ್ತಾರೆ.

ನನ್ನ ಹೆಸರು ರಸೂಲ್, ರಾಮನಗರದವನು. ಅಪ್ಪ ಬಿಸಿನೀರಿನಲ್ಲಿ ಗೂಡು ಬೇಯಿಸಿ ರೇಷ್ಮೆ ನೂಲು ಬಿಚ್ಚುತ್ತಿದ್ದರು. ನಾನು ಬಿಸಿನೀರಿಗೆ ಕೈ ಹಾಕಬಾರದೆಂದು ಸರ್ವೆ ಕಲಿಸಿದರು. ಹನ್ನೊಂದು ವರ್ಷದಿಂದ ಮನೋಹರ್ ಸಾರ್ ಹತ್ತಿರ ಇದ್ದೆ. ಲೇಔಟ್ ಮಾಡುವವರಿಗೆ, ಬಿಲ್ಡರುಗಳಿಗೆ, ತೋಟದ ಮನೆ ಕಟ್ಟಿಸುವವರಿಗೆ ಜಮೀನು ಅಳೆದು ನಕ್ಷೆ ಮಾಡಿಕೊಡುವುದು ಅವರ ಕಸುಬು. ಬಿಡದಿ, ಮಾಗಡಿ, ಕನಕಪುರ, ಚನ್ನಪಟ್ಟಣ, ಎಲ್ಲ ಕಡೆ ನಮ್ಮ ವ್ಯಾನ್ ಓಡಾಡಿದೆ. ಎಷ್ಟೋ ಜನ ಕೋಲು ಹಿಡಿದು ಹೋಗಿದ್ದಾರೆ, ಕೆಂಚಮ್ಮನ ಹಾಗೆ ಹಿಡಿದವರಿಲ್ಲ. ಗಾಳಿ ಬೀಸಲಿ, ಬಿಸಿಲು ಸುಡಲಿ, ಅವಳ ಗುಳ್ಳೆ ಕದಲುತ್ತಿರಲಿಲ್ಲ.

ಸರ್ವೆಯಲ್ಲಿ ಎಕರೆ ಇದೆ, ಗುಂಟೆ ಇದೆ, ಮೀಟರ್ ಇದೆ. ಒಸಿ ಎಂದರೆ ನಮ್ಮ ಕಡೆ ಸ್ವಲ್ಪ, ಆ ಅಳತೆ ಯಾವ ಪುಸ್ತಕದಲ್ಲೂ ಇಲ್ಲ. ಆದರೆ ನಮ್ಮ ಕಂಪನಿ ನಡೆಯುತ್ತಿದ್ದುದೇ ಅದರ ಮೇಲೆ. ಕೆಂಚಮ್ಮ ಬಾಂದು ಕಲ್ಲಿನ ಮೇಲೆ ಕೋಲು ನಿಲ್ಲಿಸುತ್ತಾಳೆ. ನಾನು ಒಂದು ಸಲ ಗುಂಡಿ ಒತ್ತುತ್ತೇನೆ. ಆಗ ಪಕ್ಕದಲ್ಲಿ ನಿಂತ ಮನೋಹರ್ ಸಾರ್ ಮೆಲ್ಲಗೆ, "ಪಾರ್ಟಿಗೆ ರೋಡ್ ಕಮ್ಮಿ ಬೀಳುತ್ತಂತೆ. ಎರಡು ಮೀಟರ್ ತಗೋ," ಎನ್ನುತ್ತಾರೆ. ನಾನು ವಾಕಿಟಾಕಿ ಬಾಯಿಗಿಟ್ಟು, "ಕೆಂಚಮ್ಮಾ, ಮಿಷನ್ಗೆ ಕಾಣ್ತಾ ಇಲ್ಲ, ಒಸಿ ಒಳಕ್ಕೆ," ಎನ್ನುತ್ತೇನೆ. ಒಳಕ್ಕೆ ಎಂದರೆ ಪಕ್ಕದವರ ಹೊಲದ ಒಳಕ್ಕೆ. ಮಿಷನ್ನಿಗೇ ಗೊತ್ತಿರುತ್ತದೆಂದು ನಂಬಿ ಅವಳು ಹೋಗುತ್ತಾಳೆ. "ಇನ್ನೊಸಿ." ಹೋಗುತ್ತಾಳೆ. "ಸಾಕು." ಎರಡನೆಯ ಅಳತೆ ನಕ್ಷೆಗೆ ಹೋಗುತ್ತದೆ, ಮೊದಲನೆಯದನ್ನು ಆಫೀಸಿನಲ್ಲಿ ಅಳಿಸುತ್ತಾರೆ, ಹಳೆಯ ಕಲ್ಲನ್ನು ಬೇಲಿಯವರು ಮಣ್ಣಿನಲ್ಲಿ ಹೂಳುತ್ತಾರೆ. ಪಕ್ಕದ ರೈತ ಬಂದು ಕೂಗಾಡಿದರೆ ಪ್ರಿಂಟ್ ತೋರಿಸಿ, "ಸ್ಯಾಟಲೈಟಲ್ಲಿ ಬಂದಿರೋದು ಯಜಮಾನ್ರೇ, ನಮ್ಮ ಕೈಲೇನಿದೆ?" ಎನ್ನುತ್ತಾರೆ. ಆಕಾಶದ ಜೊತೆ ಯಾರು ಜಗಳವಾಡುತ್ತಾರೆ?

ಕಾಣುತ್ತಿಲ್ಲ ಎಂದದ್ದು ಶುದ್ಧ ಸುಳ್ಳು. ಮಿಷನ್ನಿನ ಕಣ್ಣಿನಲ್ಲಿ ಇನ್ನೂರು ಮೀಟರ್ ದೂರದ ಕೆಂಚಮ್ಮನ ಮೂಗುತಿಯ ಕಲ್ಲು ಕೂಡ ನನಗೆ ಕಾಣುತ್ತಿತ್ತು. ಎಂದಾದರೂ ಕೇಸಾದರೆ ನನ್ನ ತಲೆಗೆ ಬರದಿರಲೆಂದು ಮೊದಲ ಅಳತೆಯನ್ನು, ಎಷ್ಟು ಸರಿಸಿದೆವೆಂಬುದನ್ನು ಹೊಲದವರ ಹೆಸರಿನ ಜೊತೆ ಒಂದು ಪುಟ್ಟ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಿದ್ದೆ. ಇದನ್ನು ಧೈರ್ಯ ಅಂದುಕೊಳ್ಳಬೇಡಿ. ಪುಕ್ಕಲುತನದಿಂದ ಬರೆದಿಟ್ಟದ್ದು. ಕೆಂಚಮ್ಮ ಬಂದ ಮೇಲೂ ಎರಡು ವರ್ಷ ಹೀಗೇ ನಡೆಯಿತು.

ಹೋದ ಮಾಘದಲ್ಲಿ ಒಂದು ಮಂಗಳವಾರ ನಮ್ಮ ಡ್ರೈವರ್ ಉಜೈರ್ ವ್ಯಾನನ್ನು ಹೊಂಗನೂರಿನಿಂದ ಹೊಸ ಮಣ್ಣುರಸ್ತೆಗೆ ತಿರುಗಿಸಿದ. ಕೆಂಚಮ್ಮ ಕಿಟಕಿಯಿಂದ ಇಣುಕಿ ನೋಡಿದಳು.

"ಇದೇನಣ್ಣ, ಗಾಡಿ ನಮ್ಮ ತೋಟದ್ ಕಡೀಕೇ ಬಂದ್ಬುಡ್ತು?"

"ನಿಮ್ಮ ತೋಟ ಎಲ್ಲಿ?" ಎಂದೆ.

"ಓ ಅಲ್ಲಿ, ಇಪ್ನೇರಳೆ ಕಾಣ್ತೈತಲ್ಲ. ಹನ್ನೊಂದು ಗುಂಟೆ. ನಮ್ಮಾವ ಕರಿಯಪ್ಪನ್ ಹೆಸ್ರಲ್ಲೇ ಐತೆ ಇನ್ನೂ."

ಲೇಔಟಿನವರು ಕೊಂಡ ಏಳು ಎಕರೆಗೆ ಅಂಟಿಕೊಂಡೇ ಅದು ಇತ್ತು. ಹತ್ತು ಮೀಟರ್ ಅಗಲ, ನೂರಹತ್ತು ಮೀಟರ್ ಉದ್ದದ ಪಟ್ಟಿ. ಗಂಡ ಸತ್ತ ಮೇಲೆ ಅವಳು ಅಲ್ಲಿನ ಹಿಪ್ಪುನೇರಳೆ ಸೊಪ್ಪಿನಲ್ಲೇ ನಡುಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದಳು. ಹುಳ ಜ್ವರಕ್ಕೆ ಕೂತ, ಅಂದರೆ ಪೊರೆ ಬಿಡಲು ಸೊಪ್ಪು ತಿನ್ನದೆ ಮಲಗಿದ ದಿನಗಳಲ್ಲಿ ನಮ್ಮ ಜೊತೆ ಕೂಲಿಗೆ ಬರುತ್ತಿದ್ದಳು. ಅವಳಿಗೆಂದು ಇದ್ದುದು ಅಷ್ಟೇ, ಆ ಪಟ್ಟಿ.

ಮಿಷನ್ ಇಡುವಾಗ ನಾನು ಮನೋಹರ್ ಸಾರ್ ಕಿವಿಗೆ ಹಾಕಿದೆ. "ಸಾರ್, ಪಕ್ಕದ್ದು ಕೆಂಚಮ್ಮನದಂತೆ."

"ಆದ್ರೇನು? ಈ ಲೈನಲ್ಲಿ ಮೂವತ್ತಡಿ ರೋಡ್ ಕೂರಿಸ್ಬೇಕು. ಆರು ಮೀಟರ್ ತಗೋ."

"ಆರು ತಗೊಂಡ್ರೆ ಅವ್ಳಿಗೆ ನಾಲ್ಕು ಉಳಿಯುತ್ತೆ ಸಾರ್. ಅರ್ಧಕ್ಕಿಂತ ಜಾಸ್ತಿ ಹೋಯ್ತು."

"ರಸೂಲ್," ಎಂದರು ಅವರು, ಕೋಪವಿಲ್ಲದೆ, "ನಿನಗೆ ಸಂಬಳ ಕೊಡೋದು ಲೆಕ್ಕ ಹಾಕೋಕಾ, ಗುಂಡಿ ಒತ್ತೋಕಾ?"

ನಾನು ಬಾಯಿ ಮುಚ್ಚಿಕೊಂಡೆ. ಹೇಳಲು ನಾಚಿಕೆಯಾಗುತ್ತದೆ, ಆದರೆ ಮುಚ್ಚಿಕೊಂಡದ್ದು ನಿಜ.

ಕೆಂಚಮ್ಮ ಲಂಟಾನ ಕಡಿದು ಮುಗಿಸಿ ಕೋಲು ಹೊತ್ತು ಮೂಲೆಗೆ ಹೋದಳು. ಅವಳಿಗೆ ಕಲ್ಲು ಹುಡುಕಬೇಕಾಗಿರಲಿಲ್ಲ. ಸೊಪ್ಪು ಕೊಯ್ಯುವ ಮೊದಲು ಅವಳು, ಅವಳಿಗಿಂತ ಮುಂಚೆ ಅವಳ ಅತ್ತೆ, ಅದೇ ಬಾಂದು ಕಲ್ಲಿಗೆ ಕುಡುಗೋಲು ಮಸೆಯುತ್ತಿದ್ದರು. ಮಸೆದು ಮಸೆದು ಕಲ್ಲಿನ ನೆತ್ತಿ ಒಂದು ಕಡೆ ಬಟ್ಟಲಿನ ಹಾಗೆ ತಗ್ಗಾಗಿತ್ತು. ಆ ತಗ್ಗಿಗೇ ಕೋಲಿನ ಮೊನೆ ಇಟ್ಟು ನಿಂತಳು. ನಾನು ಒಂದು ಸಲ ಗುಂಡಿ ಒತ್ತಿದೆ.

"ಹೇಳು," ಎಂದರು ಮನೋಹರ್ ಸಾರ್.

ವಾಕಿಟಾಕಿ ಎತ್ತಿದೆ. "ಕೆಂಚಮ್ಮಾ, ಮಿಷನ್ಗೆ ಕಾಣ್ತಾ ಇಲ್ಲ. ಒಸಿ ಒಳಕ್ಕೆ."

ಎರಡು ವರ್ಷದ ರೂಢಿ. ಅವಳು ಕೋಲು ಎತ್ತಿ ಒಂದು ಹೆಜ್ಜೆ ಒಳಗಿಟ್ಟಳು.

"ಇನ್ನೊಸಿ."

ಇನ್ನೊಂದು ಹೆಜ್ಜೆ ಇಟ್ಟಳು. ಕಾಲಿನ ಕೆಳಗೆ ಅವಳೇ ನೆಟ್ಟ ಹಿಪ್ಪುನೇರಳೆಯ ಚಿಗುರು ಮುರಿಯಿತು. ಅವಳು ಬಗ್ಗಿ ಅದನ್ನು ನೋಡಿದಳು. ತಿರುಗಿ ಕಲ್ಲನ್ನು ನೋಡಿದಳು. ಆಮೇಲೆ ಸೀದಾ ಮಿಷನ್ನಿನ ಕಡೆ ನೋಡಿದಳು. ಅವಳಿಗೆ ಅಲ್ಲಿಂದ ನಾನು ಒಂದು ಚುಕ್ಕೆಯಷ್ಟು ಕಂಡಿರಬೇಕು. ನನಗೆ ಅವಳ ಮುಖ ಮೊಳದ ದೂರದಲ್ಲಿತ್ತು. ಆ ಮುಖದಲ್ಲಿ ಎಲ್ಲ ಅರ್ಥವಾಗುತ್ತಾ ಹೋದದ್ದನ್ನು ನಾನು ಕಣ್ಣಾರೆ ಕಂಡೆ.

ವಾಕಿಟಾಕಿ ಗರಗರ ಎಂದಿತು. "ರಸೂಲಣ್ಣ, ಒಸಿ ಅಂದ್ರೆ ಎಷ್ಟು?"

ನಾನು ಮಿಷನ್ನಿನಿಂದ ಕಣ್ಣು ತೆಗೆದೆ.

"ಎಷ್ಟು ಅಂತ ಕೇಳ್ದೆ."

ಮನೋಹರ್ ಸಾರ್ ನನ್ನ ಕೈಯಿಂದ ಅದನ್ನು ಕಿತ್ತುಕೊಂಡರು. "ಏಯ್ ಕೆಂಚಮ್ಮ, ಹೇಳಿದಷ್ಟು ಮಾಡು. ಇನ್ನೂ ಆರು ಹೆಜ್ಜೆ ಒಳಗೆ ನಿಂತ್ಕೋ."

ಅವಳು ಹಿಂದಕ್ಕೆ ಬಂದಳು. ಕಲ್ಲಿನ ತಗ್ಗಿಗೆ ಮೊನೆ ಇಟ್ಟು ಎರಡೂ ಕೈಯಲ್ಲಿ ಕೋಲು ಹಿಡಿದಳು. "ಇಲ್ಲೇ ನಿಂತಿವ್ನಿ. ಅಳ್ಕೊಳಿ."

"ಅಲ್ಲಿ ಮಿಷನ್ಗೆ ಕಾಣಲ್ಲ ಅಂತಿದ್ದಾನಲ್ಲ ರಸೂಲು!"

"ಅವ್ನ್ ಕೈಗೆ ಕೊಡಿ. ಅವ್ನೇ ಹೇಳ್ಲಿ. ರಸೂಲಣ್ಣ, ನಾನ್ ನಿಂಗೆ ಕಾಣ್ತಿವ್ನೋ ಇಲ್ವೋ? ಅದೊಂದ್ ಹೇಳ್ಬುಡು."

ಲೇಔಟಿನ ಮೇಸ್ತ್ರಿಯ ಕೈಯಲ್ಲೂ ಒಂದು ವಾಕಿಟಾಕಿ ಇತ್ತು. ಕಂಬ ಇಳಿಸುತ್ತಿದ್ದ ಕೂಲಿಯವರು, ಆಚೆ ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದ ಹೆಂಗಸರು, ಎಲ್ಲರೂ ಕೆಲಸ ನಿಲ್ಲಿಸಿ ಕೇಳುತ್ತಿದ್ದರು. ಮನೋಹರ್ ಸಾರ್ ನನ್ನನ್ನೇ ದಿಟ್ಟಿಸುತ್ತಾ ಅದನ್ನು ನನ್ನ ಕೈಗಿಟ್ಟರು. ಕಾಣ್ತಿಲ್ಲ ಎಂದು ಹೇಳುತ್ತೇನೆಂಬ ನಂಬಿಕೆ ಅವರಿಗಿತ್ತು, ಹನ್ನೊಂದು ವರ್ಷ ಹಾಗೆಯೇ ಹೇಳಿಕೊಂಡು ಬಂದವನು ನಾನು. ಮನೆಯಲ್ಲಿ ಹೆಂಡತಿ ಕರೀಮುನ್ನೀಸಾ, ಮಗಳು ಸಾನಾಳ ಕಾಲೇಜು, ಎಲ್ಲ ಒಮ್ಮೆಗೇ ತಲೆಯಲ್ಲಿ ಸುಳಿಯಿತು. ಕಣ್ಣು ಮಿಷನ್ನಿಗಿಟ್ಟೆ. ಕೆಂಚಮ್ಮನ ತುಟಿ ಒಡೆದಿತ್ತು. ಕೈ ಅಲುಗಿರಲಿಲ್ಲ.

"ಕಾಣ್ತಿದ್ದೀಯ ಕೆಂಚಮ್ಮ," ಎಂದೆ. "ಚೆನ್ನಾಗೇ ಕಾಣ್ತಿದ್ದೀಯ. ಯಾವತ್ತೂ ಕಾಣ್ತಾನೇ ಇದ್ದೆ."

ಮನೋಹರ್ ಸಾರ್ ಕೆನ್ನೆಗೆ ಹೊಡೆಯಲಿಲ್ಲ, ಅಷ್ಟರಮಟ್ಟಿಗೆ ಅವರು ಓದಿದವರು. ಉಜೈರನನ್ನು ಕರೆದು, "ನೀನು ಹೋಗಿ ಕೋಲು ಹಿಡ್ಕೊ," ಎಂದರು. ಉಜೈರ್ ಒಮ್ಮೆ ನನ್ನನ್ನು, ಒಮ್ಮೆ ಕೆಂಚಮ್ಮನನ್ನು ನೋಡಿ ತಲೆ ಕೆರೆದುಕೊಂಡ. "ನನ್ ಕೈಲಿ ಆ ಗುಳ್ಳೆ ನಿಲ್ಲಲ್ಲ ಸಾರ್. ಸ್ಟೇರಿಂಗ್ ಹಿಡ್ದು ಹಿಡ್ದು ಕೈ ನಡುಗ್ತದೆ," ಎಂದ. ಕೂಲಿಯವರ ನಡುವೆ ಯಾರೋ ನಕ್ಕರು. ಆ ದಿನ ಅಳತೆ ಆಗಲಿಲ್ಲ.

ಕೆಂಚಮ್ಮನೂ ನಾನೂ ಅವತ್ತೇ ಕೆಲಸ ಕಳೆದುಕೊಂಡೆವು. ಗುರುವಾರ ಬೇರೆ ಹುಡುಗರು ಬೇರೆ ಕೋಲು ತಂದರು. ಕೆಂಚಮ್ಮ ತಕರಾರು ಅರ್ಜಿ ಬರೆಸಲು ಚನ್ನಪಟ್ಟಣಕ್ಕೆ ಹೋಗಿದ್ದಾಗಲೇ ಆರು ಮೀಟರ್ ಒಳಗೆ ಕಂಬ ನೆಟ್ಟರು, ಜೆಸಿಬಿಯಿಂದ ಹಿಪ್ಪುನೇರಳೆ ಕಿತ್ತು ರಾಶಿ ಹಾಕಿದರು, ಕಲ್ಲನ್ನು ಅದರ ಕೆಳಗೆ ಹೂತರು. ಅವಳ ಮನೆಯಲ್ಲಿ ನಾಲ್ಕನೇ ಜ್ವರ ಎದ್ದ ಹುಳಗಳು ಬಾಯಿ ಬಿಟ್ಟುಕೊಂಡು ಸೊಪ್ಪಿಗೆ ಕಾಯುತ್ತಿದ್ದವು.

ಶನಿವಾರ ಅವಳು ರಾಮನಗರದ ನಮ್ಮ ಮನೆ ಹುಡುಕಿಕೊಂಡು ಬಂದಳು. ಬೈಯುತ್ತಾಳೆ ಎಂದುಕೊಂಡೆ, ಬೈದಿದ್ದರೆ ನನಗೂ ಹಗುರಾಗುತ್ತಿತ್ತು. ಅವಳು ಕೂತು, "ಎರಡು ವರ್ಸ ಎಲ್ಲೆಲ್ಲಿ ನನ್ನ ಒಸಿ ಒಳಕ್ಕೆ ಕಳಿಸ್ದೆ, ನೆಪ್ಪೈತಾ?" ಎಂದು ಕೇಳಿದಳು.

ನಾನು ಒಳಗಿನಿಂದ ಪುಟ್ಟ ಪುಸ್ತಕ ತಂದು ಅವಳ ಮುಂದಿಟ್ಟೆ. ಇಪ್ಪತ್ಮೂರು ಕಡೆ.

"ನಂದೊಂದೇ ಅರ್ಜಿ ತಗಂಡು ಹೋದ್ರೆ ಹೊಟ್ಟೆಕಿಚ್ಚಿನ ಹೆಂಗ್ಸು ಅಂತಾರೆ," ಎಂದಳು. "ಇಪ್ಪತ್ಮೂರು ಕಡೆಯೋರೂ ಒಟ್ಗೆ ಹೋದ್ರೆ ಏನಂತಾರೆ, ನೋಡವ. ಎದ್ದೇಳು."

ಮೊದಲು ಹೋದದ್ದು ಕಬ್ಬಾಳಿನ ದಾರಿಯ ಒಂದು ಹಳ್ಳಿಗೆ, ಬೋರಲಿಂಗಯ್ಯನ ಮನೆಗೆ. ಬೇಲಿ ಹಾಕಿದ ದಿನ ಎದೆ ಬಡಿದುಕೊಂಡು ಕೂಗಾಡಿದ್ದ ಮನುಷ್ಯ. ಜಗಲಿಯ ಮೇಲೆ ರಾಗಿ ಕೇರುತ್ತಿದ್ದ. ಕೆಂಚಮ್ಮ ಕೈಮುಗಿದು, "ಅಣ್ಣ, ಹೋದೊರ್ಸ ನಿಮ್ಮ ಹೊಲ್ದೊಳಕ್ಕೆ ಬೇಲಿ ಬಂತಲ್ಲ, ಅದುಕ್ಕೆ ಬಂದಿವಿ," ಎಂದಳು.

"ಏನ್ ಮಾಡಾಕ್ಕಾಯ್ತದವ್ವ. ಸ್ಯಾಟಲೈಟ್ನಲ್ಲೇ ಹಂಗೆ ಬಂದೈತಂತೆ."

"ಸ್ಯಾಟಲೈಟು ನಾನೇ ಕಣಣ್ಣ."

ಅವನ ಕೈಯಲ್ಲಿದ್ದ ಮೊರ ನಿಂತಿತು.

"ಕೋಲು ಹಿಡ್ಕಂಡು ಒಳಕ್ಕೆ ಬಂದೋಳು ನಾನು. ಬಾ ಅಂದೋನು ಇವ್ನು. ನಂಗೆ ಗೊತ್ತಿರ್ನಿಲ್ಲ, ಇವ್ನಿಗೆ ಗೊತ್ತಿತ್ತು. ಉಗೀಬೇಕಾದ್ರೆ ಇಬ್ರಿಗೂ ಉಗೀರಿ. ಆಮ್ಯಾಕೆ ಗುದ್ದಲಿ ತಗಂಡು ಬನ್ನಿ."

ಬೋರಲಿಂಗಯ್ಯ ಉಗಿದ, ನನ್ನ ಕಡೆಗೇ. ನಾನು ತಲೆ ತಗ್ಗಿಸಿ ನಿಂತೆ. ಮಾತು ಕೇರಿಗೆ ಹರಡಿತು, ಅಕ್ಕಪಕ್ಕದಿಂದ ಹತ್ತು ಹನ್ನೆರಡು ಜನ ಸೇರಿದರು. ಇಬ್ಬರು ನನ್ನ ಅಂಗಿ ಹಿಡಿದರು, ಕೆಂಚಮ್ಮ ಬಿಡಿಸಿದಳು. ಹೊರಡುವ ಮುಂಚೆ ಒಂದು ಚೊಂಬು ನೀರು ಕೇಳಿ ಪೂರ್ತಿ ಕುಡಿದಳು.

ಹೊಲದ ಮೂಲೆಯಲ್ಲಿ ಸಿಮೆಂಟ್ ಕಂಬವಿತ್ತು, ಆಚೆ ಹಸಿರು ಬಣ್ಣದ ಲೇಔಟ್ ಬೋರ್ಡು. ಕಾವಲುಗಾರ ಓಡಿಬಂದು, "ಏಯ್, ಯಾರ್ರೀ ಅದು? ಬೇಲಿ ದಾಟಂಗಿಲ್ಲ!" ಎಂದು ಕೂಗಿದ. ಕೆಂಚಮ್ಮ ಸೀರೆ ಎತ್ತಿ ಕಟ್ಟಿ ತಂತಿ ದಾಟಿದಳು. ಅವಳ ಹಿಂದೆ ಬೋರಲಿಂಗಯ್ಯ, ಅವನ ಹಿಂದೆ ಉಳಿದವರು ದಾಟಿದರು. ಕಾವಲುಗಾರ ಫೋನ್ ತೆಗೆದ.

ನಾನು ಟೇಪಿನ ತುದಿಯನ್ನು ಕಂಬಕ್ಕೆ ಒತ್ತಿ ಹಿಡಿದೆ. ಅವಳು ಇನ್ನೊಂದು ತುದಿ ಹಿಡಿದು ನಡೆಯತೊಡಗಿದಳು. ಹಾಳು ಅಭ್ಯಾಸ, ನಾನು ಕೂಗಿದೆ: "ಒಸಿ ಆಚೆಗೆ, ಕೆಂಚಮ್ಮ."

ಅವಳು ನಿಂತು ತಿರುಗಿದಳು. "ಎಷ್ಟು ಅಂತ ಹೇಳು."

ಪುಸ್ತಕ ತೆರೆದು, ಎಲ್ಲರಿಗೂ ಕೇಳುವ ಹಾಗೆ ಓದಿದೆ. "ಎರಡು ಮೀಟರ್ ನಲವತ್ತು."

ಅವಳು ಅಷ್ಟೇ ದೂರ ಹೋಗಿ ಹಿಮ್ಮಡಿ ಊರಿ ಗುರುತು ಮಾಡಿದಳು. ಬೋರಲಿಂಗಯ್ಯ ಗುದ್ದಲಿ ಎತ್ತಿ ಹಾಕಿದ. ಮಣ್ಣು. ಇನ್ನೊಂದು ಏಟು, ಮಣ್ಣು. ಮೂರನೆಯ ಏಟಿಗೆ ಗುದ್ದಲಿ ಠಣ್ಣೆಂದು ಕಲ್ಲಿಗೆ ಬಡಿಯಿತು.

ಬೋರಲಿಂಗಯ್ಯ ಮಂಡಿಯೂರಿ ಕೈಯಿಂದ ಮಣ್ಣು ಬಳಿದು ಕಲ್ಲಿನ ತಲೆ ಸವರಿದ. ರಸ್ತೆಯ ಕಡೆಯಿಂದ ಯಾವುದೋ ಕಾರು ಧೂಳೆಬ್ಬಿಸಿಕೊಂಡು ಬರುತ್ತಿತ್ತು. ಅವನು ಅದನ್ನು ನೋಡಿದ, ಗುದ್ದಲಿ ಹೆಗಲಿಗೇರಿಸಿ ಎದ್ದು ನಿಂತ.

"ಬರ್ಲಿ ಅವ್ರು," ಎಂದ. ಆಮೇಲೆ ನನ್ನ ಕಡೆ ತಿರುಗಿ, "ಓದ್ಲಾ, ಮುಂದಿನ್ ಹೆಸ್ರು ಯಾರ್ದು?"