ಮಾರಕ್ಕನ ಅರ್ಜಿ

ಹಳೆಯ ಸೀರೆಯ ತುಂಡನ್ನು ನಾಲ್ಕು ಮಡಿಕೆ ಮಾಡಿ ಪಾತ್ರೆಯ ಬಾಯಿಗೆ ಬಿಗಿಯುತ್ತಿದ್ದಾಗ ಗೇಟಿನ ಚಿಲಕ ಸದ್ದಾಯಿತು. ಬಂದವರು ಯಾರೆಂದು ನೋಡುವ ಮೊದಲೇ ವಾಣಿ ಪಕ್ಕದಲ್ಲಿದ್ದ ಮೊರವನ್ನು ಎಣ್ಣೆಯ ಕ್ಯಾನುಗಳಿಗೆ ಅಡ್ಡ ಇಟ್ಟಳು.

ಬಂದವಳು ಮಾರಕ್ಕ. ಬೆಳಿಗ್ಗೆ ವೆಂಕಟರಾಯಪ್ಪನ ಹೋಟೆಲಿನಲ್ಲಿ ಪಾತ್ರೆ ಉಜ್ಜಿ, ಸಂಜೆ ನಾಲ್ಕಕ್ಕೆ ಮಗ್ಗದ ಬೀದಿಯ ಮೂಲೆಯಲ್ಲಿ ಮೂರು ಕಲ್ಲಿನ ಒಲೆ ಹಚ್ಚಿ ಬಜ್ಜಿ ಹಾಕುವವಳು. ಎರಡು ತಿಂಗಳಿಂದ ಆ ಒಲೆ ಒಂದು ದಿನ ಉರಿದರೆ ಎರಡು ದಿನ ಉರಿಯುತ್ತಿರಲಿಲ್ಲ. ವಾಣಿ ಅದನ್ನು ಗಮನಿಸಿದ್ದಳು. ಗಮನಿಸಿ, ಒಳ್ಳೆಯದೇ ಆಯಿತು ಎಂದುಕೊಂಡಿದ್ದಳು.

"ಒಂದ್ ಅರ್ಜಿ ಬರ್ಕೊಡ್ಬೇಕಿತ್ತು ವಾಣಮ್ಮ," ಎಂದು ಮಾರಕ್ಕ ಕೂಗಿ ಹೇಳಿದಳು. ಒಳಗೆ ನಾಲ್ಕು ಪವರ್‌ಲೂಮುಗಳು ಒಟ್ಟಿಗೆ ಬಡಿಯುತ್ತಿದ್ದವು. ಆ ಮನೆಯಲ್ಲಿ ಕೂಗದೆ ಯಾರ ಮಾತೂ ಯಾರಿಗೂ ಕೇಳುವಂತಿರಲಿಲ್ಲ.

ದೊಡ್ಡಬಳ್ಳಾಪುರದ ಆ ಬೀದಿಗೆ ಬಿ.ಎ. ಓದಿ ಬಂದ ಸೊಸೆ ವಾಣಿ ಒಬ್ಬಳೇ. ಕರೆಂಟ್ ಆಫೀಸಿಗೆ, ಬ್ಯಾಂಕಿಗೆ, ರೇಷನ್ ಕಾರ್ಡಿಗೆ ಏನು ಬರೆಯಬೇಕಾದರೂ ಜನ ಅವಳ ಜಗಲಿಗೆ ಬರುತ್ತಿದ್ದರು. ಅವಳು ಸೆರಗಿಗೆ ಕೈ ಒರೆಸಿಕೊಂಡು ಮಗಳು ಸ್ನೇಹಾಳ ನೋಟ್‌ಬುಕ್ಕಿನಿಂದ ಒಂದು ಹಾಳೆ, ಇಂಕ್ ಪೆನ್ನು ತಂದು ಕುಳಿತಳು.

ಮಾರಕ್ಕ ಜಗಲಿಯ ತುದಿಗೆ ಕೂತು ಮೂಗು ಅರಳಿಸಿದಳು. "ಬೆಳಗ್ ಬೆಳಗ್ಗೇನೇ ಈರುಳ್ಳಿ ಬಜ್ಜಿ ಮಾಡ್ದಂಗೈತೆ?"

"ಹೂಂ. ಸ್ನೇಹಾ ಕೇಳಿದ್ಲು."

"ಒಳ್ಳೇದು. ಮಕ್ಳಿಗೆ ಮನೇಲೇ ಮಾಡ್ಕೊಡ್ಬೇಕು. ಬೀದೀಲಿ ಅದ್ಯಾವ್ ಎಣ್ಣೆ ಹಾಕಿರ್ತಾರೋ ಏನೋ."

ಅದು ವಾಣಿಯದೇ ಮಾತು. ಹೋದ ವರ್ಷ ಮಾರಕ್ಕನ ಬಾಣಲೆಯ ಎದುರಿನಿಂದ ಮಗಳ ರಟ್ಟೆ ಹಿಡಿದು ಎಳೆದುಕೊಂಡು ಬರುವಾಗ ಆಡಿದ್ದು. ವಾಣಿ ಪೆನ್ನಿನ ಮುಚ್ಚಳ ತೆಗೆದು, ಮತ್ತೆ ಹಾಕಿ, ಮತ್ತೆ ತೆಗೆದಳು.

"ಅರ್ಜಿ ಯಾರಿಗೆ?"

"ಓಟ್ಲು ಎಂಕಟ್ರಾಯಪ್ಪಂಗೆ."

"ದಿನಾ ಸಿಗ್ತಾರಲ್ಲ ಮಾರಕ್ಕ, ಬಾಯಲ್ಲೇ ಕೇಳ್ಬಾರ್ದಾ?"

"ಬಾಯಲ್ಲಿ ಕೇಳಿದ್ರೆ ನಗ್ತಾನೆ ಕಣಮ್ಮ. 'ಓಗ್ ಓಗು, ಬಾಣ್ಲಿ ಉಜ್ಜೋಗು' ಅಂತಾನೆ. ಕಾಗ್ದ ಆದ್ರೆ ಓದ್ಲೇಬೇಕಲ್ಲ. ಬರ್ಕೋ. ಎಂಟು ವರ್ಸದಿಂದ ನಾನು ಕೂಲಿ ಅಂತ ದುಡ್ ಮುಟ್ದೋಳಲ್ಲ. ಬಾಣ್ಲೀಲಿ ಉಳಿದಿದ್ದ್ ಎಣ್ಣೆ ನಂದು, ಬಾಣ್ಲಿ ಉಜ್ಜೋದು ನಂದು, ಅಷ್ಟೇ ಮಾತಿದ್ದಿದ್ದು. ಈಗ ಎರಡ್ ತಿಂಗ್ಳಿಂದ ಕೈಗೆ ದುಡ್ ಕೊಡ್ತಾನೆ, ಎಣ್ಣೆ ಇಲ್ಲ ಅಂತಾನೆ. ಆ ದುಡ್ಡಲ್ಲಿ ಅಂಗ್ಡಿ ಎಣ್ಣೆ ತಂದು ಬಜ್ಜಿ ಹಾಕಿದ್ರೆ ನಮ್ ಮಗ್ಗದ್ ಉಡುಗ್ರು ಕೊಂಡ್ಕೊಳ್ಳೋ ರೇಟಾಯ್ತದಾ?"

"ಮತ್ತೆ ಆ ಎಣ್ಣೆ ಏನ್ ಮಾಡ್ತಾರಂತೆ?" ಯಾಕೆ ಕೇಳಿದೆನೆಂದು ವಾಣಿಗೇ ತಿಳಿಯಲಿಲ್ಲ.

"ಯಾರೋ ಕ್ಯಾನಲ್ಲಿ ತುಂಬ್ಕೊಂಡೋಗ್ತಾರಂತೆ."

ಮೊರದ ಹಿಂದೆ ಇದ್ದದ್ದು ಅದೇ ಎಣ್ಣೆ. ವಾಣಿಯ ಗಂಡ ರಾಮಾಂಜಿನಪ್ಪ ಮಂಗಳವಾರ, ಶುಕ್ರವಾರ ನೇಯ್ದ ಸೀರೆಗಳನ್ನು ಚಿಕ್ಕಪೇಟೆಯ ಅಂಗಡಿಗಳಿಗೆ ಮುಟ್ಟಿಸುತ್ತಿದ್ದ. ಗಂಟು ಹೊತ್ತು ಬಸ್ಸು ಹತ್ತಿ ಇಳಿದು ಹದಿನೈದು ವರ್ಷಕ್ಕೆ ಅವನ ಸೊಂಟ ಹಿಡಿದುಕೊಂಡಿತು. ಇನ್ನು ಭಾರ ಎತ್ತಿದರೆ ಕಾಲು ಸ್ವಾಧೀನ ತಪ್ಪಬಹುದೆಂದು ಡಾಕ್ಟರು ಹೇಳಿದ ಮೇಲೆ ಯಾರೋ ಮಾರಲಿಟ್ಟಿದ್ದ ಹಳೆಯ ಡೀಸೆಲ್ ಅಂಬಾಸಿಡರ್ ಮನೆಗೆ ಬಂತು. ಆಮೇಲೆ ಡೀಸೆಲ್ ಬೆಲೆ ಏರಿತು, ಸೀರೆಯ ಬೆಲೆ ಏರಲಿಲ್ಲ. ಕಾರು ಮಾರಿಬಿಡುವ ಮಾತು ಬಂದಿತ್ತು.

ದಾರಿ ತೋರಿಸಿದವಳು ವಾಣಿಯೇ. ಬಜ್ಜಿ ತಿಂದು ಸ್ನೇಹಾಳ ಹೊಟ್ಟೆ ಕೆಟ್ಟ ದಿನ, "ಆ ಕರೀ ಎಣ್ಣೇನ ಇಂಜಿನ್ನಿಗೆ ಸುರೀಬೇಕು, ಮಕ್ಕಳ ಹೊಟ್ಟೆಗಲ್ಲ" ಎಂದು ರೇಗಿದ್ದಳು. ಅದು ನೆನಪಾಗಿ ರಾಮಾಂಜಿನಪ್ಪ ಮೆಕ್ಯಾನಿಕ್ಕನನ್ನು ಕೇಳಿ ಬಂದ. "ಹಳೇ ಡೀಸೆಲ್ ಇಂಜಿನ್ನು ಅಣ್ಣಾ, ಬಕಾಸುರ. ಚೆನ್ನಾಗಿ ಸೋಸಿ, ಒಂಚೂರು ಡೀಸೆಲ್ ಬೆರೆಸಿ ಹಾಕಿ, ಕುಡೀತದೆ" ಎಂದನಂತೆ. ಹೋಟೆಲಿನ ಸಾಮಾನನ್ನು ಮಂಗಳವಾರ ಮಂಗಳವಾರ ಸಿಟಿಯಿಂದ ಕಾರಿನಲ್ಲಿ ತಂದುಕೊಡುವುದು, ಬದಲಿಗೆ ವಾರಕ್ಕೆ ಎರಡು ಕ್ಯಾನು ಕರಿದ ಎಣ್ಣೆ ಪಡೆಯುವುದು ಎಂದು ವೆಂಕಟರಾಯಪ್ಪನ ಜೊತೆ ಮಾತಾಯಿತು. ಮಂಗಳವಾರಕ್ಕೊಂದು ಕ್ಯಾನು, ಶುಕ್ರವಾರಕ್ಕೊಂದು. ಕಾರು ಹೋದಲ್ಲೆಲ್ಲ ಕರಿದ ತಿಂಡಿಯ ವಾಸನೆ ಬರುತ್ತಿತ್ತು. ಬೀದಿಯ ಮಕ್ಕಳು "ಬಜ್ಜಿ ಕಾರು, ಬಜ್ಜಿ ಕಾರು" ಎಂದು ಹಿಂದೆ ಓಡುತ್ತಿದ್ದರು. ತಾನೇ ಬೈದ ಎಣ್ಣೆಯನ್ನು ಸೋಸುವ ನಾಚಿಕೆಗೆ ವಾಣಿ ಬಂದವರಿಂದ ಕ್ಯಾನು ಮರೆಮಾಡುತ್ತಿದ್ದಳು. ಆದರೆ ಆ ಎಣ್ಣೆ ಒಬ್ಬರ ಕೂಲಿ ಎಂದು ಅವಳಿಗೆ ಈ ಗಳಿಗೆಯವರೆಗೆ ಗೊತ್ತಿರಲಿಲ್ಲ.

ಅವಳು ನಿಧಾನವಾಗಿ ಬರೆದಳು. 'ವ್ಯರ್ಥವಾದ ಎಣ್ಣೆ' ಎಂದು ಬರೆದು, ಹೊಡೆದು ಹಾಕಿ, 'ಉಳಿದ ಎಣ್ಣೆ' ಎಂದು ತಿದ್ದಿದಳು. ಎಣ್ಣೆ ಈಗ ಯಾರ ಪಾಲು ಎಂದು ಬರೆಯುವ ಸಾಲಿಗೆ ಬಂದಾಗ ಬಹಳ ಹೊತ್ತು ಪೆನ್ನು ಹಾಳೆಗೆ ಮುಟ್ಟದೆ ಮೇಲೆಯೇ ನಿಂತಿತ್ತು. ಬರೆದು ಮುಗಿಸಿ ಓದತೊಡಗಿದಾಗ ಕರೆಂಟು ಹೋಯಿತು. ಮಗ್ಗಗಳು ಗಕ್ಕನೆ ನಿಂತವು. ಇಡೀ ಬೀದಿ ಮೌನವಾಯಿತು. ಕೂಗಿ ಓದುತ್ತಿದ್ದ ವಾಣಿಯ ದನಿ ಅವಳ ಕಿವಿಗೇ ದೊಡ್ಡದಾಗಿ ಕೇಳಿತು.

"...ಸದರಿ ಎಣ್ಣೆಯು ಈಗ ಬೇರೆ ಯಾರದೋ ಪಾಲಾಗುತ್ತಿರುವುದರಿಂದ ನನ್ನ ಜೀವನಕ್ಕೆ ತೊಂದರೆಯಾಗಿರುತ್ತದೆ. ದಯಮಾಡಿ ಹಿಂದಿನ ಪದ್ಧತಿಯಂತೆಯೇ ನಡೆಸಿಕೊಡಬೇಕಾಗಿ ಕೋರುತ್ತೇನೆ."

"ಯಾರದೋ," ಎಂದಳು ಮಾರಕ್ಕ.

"ಹೂಂ. ಹೆಸರು... ಬೇಕಾಗಲ್ಲ."

"ಸರಿಯಾಗ್ ಬರ್ದಿದ್ದೀಯ ಬಿಡು. ಗೊತ್ತಿಲ್ದೋರ್ ಎಸ್ರು ಎಂಗ್ ಬರ್ಯಕಾಯ್ತದೆ?"

ಹೆಬ್ಬೆಟ್ಟಿಗೆ ಇಂಕು ಹಚ್ಚಿಸಿಕೊಂಡು ಮಾರಕ್ಕ ಒತ್ತಿದಳು. ಇಂಕು ಅರ್ಧ ಮಾತ್ರ ಹಿಡಿಯಿತು. ಅವಳು ಹಾಳೆಯನ್ನು ಬಿಸಿಲಿಗೆ ಎತ್ತಿ ಹಿಡಿದಳು. ಅಡಿಯ ಮೂಲೆಯಲ್ಲಿ ಬೆರಳಗಲ ಕಾಗದ ಎಣ್ಣೆ ಕುಡಿದು ಆಚೆ ಕಡೆಯ ಬೆಳಕು ಕಾಣಿಸುತ್ತಿತ್ತು.

"ಇಲ್ಲಿ ನಿಂದೂ ಒಂದು ಎಬ್ಬೆಟ್ ಬಿದ್ದೈತೆ ವಾಣಮ್ಮ."

ವಾಣಿ ಮತ್ತೆ ಸೆರಗಿಗೆ ಬೆರಳು ಒರೆಸಿಕೊಂಡಳು. "ಕೊಡು ಮಾರಕ್ಕ, ಬೇರೆ ಬರ್ಕೊಡ್ತೀನಿ."

"ಬ್ಯಾಡ ಬ್ಯಾಡ. ಇದೇ ಇರ್ಲಿ." ಮಾರಕ್ಕ ಅರ್ಜಿಯನ್ನು ಮಡಿಸಿ ಎಲೆಯಡಿಕೆ ಚೀಲದಲ್ಲಿಟ್ಟುಕೊಂಡು ಎದ್ದಳು. ಹೋಗುವಾಗ ಮೊರದ ಕಡೆ ನೋಡಲಿಲ್ಲ. ಕಾರನ್ನು ಮಾತ್ರ ಒಂದು ಸುತ್ತು ಬಳಸಿಕೊಂಡು ಗೇಟು ದಾಟಿದಳು.

ಮರುದಿನ ಮಂಗಳವಾರ. ಸಂಜೆ ಸಿಟಿಯಿಂದ ಬಂದು ಚಾಪೆಯ ಮೇಲೆ ಬೋರಲು ಮಲಗಿದ್ದ ಗಂಡನ ಸೊಂಟಕ್ಕೆ ವಾಣಿ ಬಿಸಿನೀರಿನ ಚೀಲ ಇಟ್ಟಳು.

"ಅದು ಮಾರಕ್ಕನ ಕೂಲಿ ಅಂತ ನಿಮಗೆ ಗೊತ್ತಿತ್ತಾ?"

ರಾಮಾಂಜಿನಪ್ಪ ಚಾಪೆಯಿಂದ ತಲೆ ಎತ್ತಿದ. "ವೆಂಕಟರಾಯಪ್ಪ ಹೇಳಿದ್ದ. ಅದಕ್ಕೇ ಅಲ್ವಾ ಅವಳಿಗೆ ದುಡ್ಡು ಕೊಡ್ತಿರೋದು? ಇದ್ರಲ್ಲಿ ಅನ್ಯಾಯ ಏನಾಯ್ತು?"

"ಆ ದುಡ್ಡಿಗೆ ಒಲೆ ಹತ್ತಲ್ವಂತೆ."

"ನೀನೇ ತಾನೆ ಆ ಎಣ್ಣೇನ ವಿಷ ಅಂದಿದ್ದು? ಈಗ ನನ್ ಗಾಡಿ ಆ ವಿಷ ಕುಡೀತಾ ಐತೆ. ಊರ ಮಕ್ಕಳ ಹೊಟ್ಟೆ ನೆಟ್ಟಗಾಗೈತೆ. ನ್ಯಾಯವಾಗಿ ನನಗೊಂದು ಹಾರ ಹಾಕ್ಬೇಕು ನೀವು."

ವಾಣಿ ನಗಲಿಲ್ಲ. ಅವನೂ ನಗು ನಿಲ್ಲಿಸಿದ.

"ನೋಡು ವಾಣಿ, ನನ್ ಸೊಂಟಕ್ಕಿಂತ ಅವಳ ಒಲೆ ದೊಡ್ಡದು ಅನ್ನೋದಾದ್ರೆ ಹೇಳ್ಬಿಡು. ನಾಳೇನೇ ಗಾಡಿ ಮಾರ್ತೀನಿ. ಗಂಟು ಹೊತ್ಕೊಂಡು ಹೋಗ್ತೀನಿ. ಕಾಲು ಹೋದ್ರೆ ಹೋಗ್ಲಿ."

ವಾಣಿ ಬಿಸಿನೀರಿನ ಚೀಲವನ್ನು ನೋವಿನ ಜಾಗಕ್ಕೆ ಸರಿಸಿಟ್ಟಳು. ಚೀಲ ತಣ್ಣಗಾಗುವವರೆಗೆ ಕೂತಿದ್ದು ಎದ್ದು ಹೋದಳು.

ಬುಧವಾರವೆಲ್ಲ ಅವಳು ಗೇಟಿನ ಸದ್ದಿಗೆ ಕಿವಿಗೊಟ್ಟಳು. ಅರ್ಜಿ ವೆಂಕಟರಾಯಪ್ಪನ ಕೈ ಸೇರಿದರೆ ಅಕ್ಷರ ಯಾರದೆಂದು ಅವನಿಗೆ ತಕ್ಷಣ ತಿಳಿಯುತ್ತದೆ. ಗಂಡನ ಎದುರೇ ಅದನ್ನು ತಂದು ಹಿಡಿದು, "ಏನಪ್ಪಾ ಇದು, ಎಣ್ಣೆ ಒಯ್ಯೋನೂ ನೀನೇ, ಅರ್ಜಿ ಹಾಕೋಳೂ ನಿನ್ ಹೆಂಡ್ತೀನೇ" ಎಂದುಬಿಟ್ಟರೆ? ಬುಧವಾರ ಅವನು ಬರಲಿಲ್ಲ. ಗುರುವಾರವೂ ಬರಲಿಲ್ಲ. ಗುರುವಾರ ಸಂಜೆ ಕೊತ್ತಂಬರಿ ಸೊಪ್ಪಿನ ನೆಪದಲ್ಲಿ ಮೂಲೆಯವರೆಗೆ ಹೋಗಿ ಬಂದಳು. ಮೂರು ಕಲ್ಲುಗಳ ನಡುವೆ, ತಣ್ಣಗಿನ ಬೂದಿಯಲ್ಲಿ ನಾಯಿಯೊಂದು ಸುತ್ತಿಕೊಂಡು ಮಲಗಿತ್ತು.

ಶುಕ್ರವಾರ ಬೆಳಿಗ್ಗೆ ರಾಮಾಂಜಿನಪ್ಪ ಟ್ಯಾಂಕಿನ ಮುಚ್ಚಳ ತೆಗೆದು, ಲಾಳಿಕೆ ಇಟ್ಟು, "ಕ್ಯಾನೆಲ್ಲಿ?" ಎಂದು ಕೂಗಿದ.

ವಾಣಿ ಬಾಗಿಲಲ್ಲಿ ನಿಂತಿದ್ದಳು. ಕ್ಯಾನು ಅವಳ ಕೈಯಲ್ಲಿತ್ತು. ಒಳ್ಳೆಯ ಸೀರೆ ಉಟ್ಟು, ತಲೆ ಬಾಚಿ, ಚಪ್ಪಲಿ ಮೆಟ್ಟಿದ್ದಳು.

"ಮಂಗಳವಾರದ್ದು ಗಾಡಿಗೆ. ಶುಕ್ರವಾರದ್ದು ಮಾರಕ್ಕಂಗೆ ಕೊಡ್ತೀನಿ."

"ಮತ್ತೆ ಇವತ್ತು?"

"ಇವತ್ತು ಬಸ್ಸು. ನೀವು ಏನೂ ಎತ್ಬೇಡಿ. ಶುಕ್ರವಾರ ಶುಕ್ರವಾರ ನಾನೂ ಬರ್ತೀನಿ. ಗಂಟು ನಾನ್ ಹೊರ್ತೀನಿ."

ಅವನು ಅವಳನ್ನು ಕಾಲಿನಿಂದ ತಲೆಯವರೆಗೆ ನೋಡಿದ. "ನೀನು? ಮೆಜೆಸ್ಟಿಕ್ಕಲ್ಲಿ? ನಮ್ಮೂರ ರೋಡ್ ದಾಟೋಕೇ ನನ್ ಕೈ ಹಿಡ್ಕೊಳ್ಳೋಳು?"

"ಕೈ ಹಿಡ್ಕೊಳ್ಳಿ. ಗಂಟು ತಲೆ ಮೇಲಿರುತ್ತೆ."

ರಾಮಾಂಜಿನಪ್ಪ ಲಾಳಿಕೆಯನ್ನು ಕಾರಿನ ಮೇಲೆ ಕುಕ್ಕಿದ. ಒಳಗೆ ಹೋಗಿ ಸೊಂಟದ ಬೆಲ್ಟು ಬಿಗಿದುಕೊಂಡು ಬಂದ. ಬಸ್ ಸ್ಟ್ಯಾಂಡಿನವರೆಗೆ ಅವಳಿಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದ.

ದಾರಿಯಲ್ಲಿ ಮಾರಕ್ಕನ ಮನೆಗೆ ಬೀಗ ಹಾಕಿತ್ತು. ವಾಣಿ ಕ್ಯಾನನ್ನು ಹೊಸ್ತಿಲಿಗೆ ಒತ್ತಿ ಇಟ್ಟಳು. ಒಂದು ಚೀಟಿ ಬರೆದಿಡಬೇಕು ಅನ್ನಿಸಿತು. ಮಾರಕ್ಕನಿಗೆ ಓದು ಬರುವುದಿಲ್ಲವೆಂದು ಆಮೇಲೆ ನೆನಪಾಯಿತು.

ಚಿಕ್ಕಪೇಟೆಯ ಗಲ್ಲಿಗಳಲ್ಲಿ ಮೂರು ಸಲ ಅವಳ ತಲೆಯ ಗಂಟು ವಾಲಿತು. ಒಂದು ಸಲ ಸೈಕಲ್ಲಿನವನೊಬ್ಬ ಬೈದ. ಮೊದಲ ಅಂಗಡಿಯ ಸೇಠು, "ಏನ್ ರಾಮಾಂಜಿನಪ್ಪ, ಕಾರ್ ಬಿಟ್ಟು ಮನೆಯವರನ್ನ ಕರ್ಕೊಂಡ್ ಬಂದಿದ್ದೀರಾ?" ಎಂದು ನಕ್ಕಾಗ ಗಂಡ ನೆಲ ನೋಡಿದ್ದನ್ನು ಅವಳು ಕಂಡಳು. ಕಂಡರೂ ಗಂಟು ಇಳಿಸಿ, ಸೀರೆಗಳನ್ನು ಒಂದೊಂದಾಗಿ ತೆಗೆದಿಟ್ಟಳು. ವಾಪಸು ಬರುವ ಬಸ್ಸಿನಲ್ಲಿ ಕತ್ತು ಅತ್ತಿತ್ತ ತಿರುಗುತ್ತಿರಲಿಲ್ಲ. ಮಾರಕ್ಕನಿಗೆ ಹೇಳಬೇಕಾದ ಮಾತನ್ನು ಯಲಹಂಕದಿಂದ ದೊಡ್ಡಬಳ್ಳಾಪುರದವರೆಗೆ ಮನಸ್ಸಿನಲ್ಲೇ ಬರೆದು ಹೊಡೆದು ಹಾಕುತ್ತ ಬಂದಳು.

ಅವರು ಬೀದಿಯ ಮೂಲೆ ಮುಟ್ಟುವಾಗ ನಾಲ್ಕು ದಾಟಿತ್ತು. ಕರೆಂಟು ಹೋಗಿ ಮಗ್ಗದ ಹುಡುಗರೆಲ್ಲ ಆಚೆ ಬಂದಿದ್ದರು. ಮೂರು ಕಲ್ಲುಗಳ ಮೇಲೆ ಬಾಣಲೆ ಕೂತಿತ್ತು.

"ಯಾರೋ ಎಣ್ಣೆ ಇಟ್ಟೋಗವ್ರಪ್ಪಾ ಬಾಗ್ಲಲ್ಲಿ," ಎಂದು ಮಾರಕ್ಕ ಯಾರನ್ನೂ ನೋಡದೆ ಹೇಳುತ್ತಿದ್ದಳು. "ಯಾರೋ. ಚೆನ್ನಾಗ್ ಸೋಸವ್ರೆ. ಒಂದ್ ಚೂರು ಕರಿಕಿಲ್ಲ. ನನ್ ಜಲ್ಮದಲ್ಲಿ ಇಂಥ ಎಣ್ಣೆ ಕಂಡಿಲ್ಲ."

ವಾಣಿ ಹತ್ತಿರ ಹೋದಳು. ಬಸ್ಸಿನಲ್ಲಿ ಬರೆದುಕೊಂಡಿದ್ದ ಮಾತುಗಳಲ್ಲಿ ಒಂದೂ ಬರಲಿಲ್ಲ. "ಶುಕ್ರವಾರದ್ದು ನಿಂದು ಮಾರಕ್ಕ. ಪ್ರತಿ ವಾರ," ಎಂದಷ್ಟೇ ಹೇಳಿದಳು.

"ಮಂಗಳವಾರದ್ದು?"

ವಾಣಿ ಗಂಡನ ಕಡೆ ತಿರುಗಿದಳು. ಅವನು ಬೆಳಿಗ್ಗೆಯಿಂದ ಸರಿಯಾಗಿ ಮಾತಾಡಿರಲಿಲ್ಲ. ಈಗ ಸೊಂಟದ ಬೆಲ್ಟು ಸಡಿಲಿಸುತ್ತ, "ಮಂಗಳವಾರದ್ದು ನನ್ ಸೊಂಟದ್ದು ಮಾರಕ್ಕ," ಎಂದ. "ಎರಡು ಬಜ್ಜಿ ಕೊಡು. ಖಾರ ಇರೋದು."

"ಆಗ್ಲಿ ಬಿಡಪ್ಪಾ. ಸೊಂಟಾನೂ ಬದುಕ್ಬೇಕು." ಅವನಿಗೆ ಎರಡು ಕಟ್ಟಿಕೊಟ್ಟು ಮಾರಕ್ಕ ಇನ್ನೊಂದು ಕಾಗದದ ಚೂರಿಗೆ ಎರಡು ಬಜ್ಜಿ ಹಾಕಿ ವಾಣಿಯ ಮುಂದೆ ಹಿಡಿದಳು. "ಅವತ್ತು ಮನೇಲಿ ಮಾಡಿದ್ದೆ ಅಂದ್ಯಲ್ಲ ವಾಣಮ್ಮ. ನಂಗೊಂದ್ ಕೊಡ್ಲಿಲ್ಲ ನೋಡು ನೀನು. ತಗೋ, ನಾನೇ ಕೊಡ್ತೀನಿ."

ಹುಡುಗರು ನಕ್ಕರು. ವಾಣಿ ಕೈ ಚಾಚಿದಳು. ಮೊದಲು ಕಾಗದವನ್ನೇ ನೋಡಿದಳು. ತನ್ನ ಅಕ್ಷರವಲ್ಲ, ಯಾವುದೋ ಮಗು ಬರೆದ ಏಳರ ಮಗ್ಗಿ. ಎಣ್ಣೆ ಹರಡುತ್ತ ಹೋದಂತೆ ಹಿಂಬದಿಯ ಎಂಟರ ಮಗ್ಗಿಯೂ ಕಾಣತೊಡಗಿತು.

"ಅರ್ಜಿ?" ಎಂದು ಮೆಲ್ಲಗೆ ಕೇಳಿದಳು.

"ಐತೆ, ಚೀಲದಲ್ಲೇ ಐತೆ," ಎನ್ನುತ್ತ ಮಾರಕ್ಕ ಬಾಣಲೆಯ ಕಡೆ ತಿರುಗಿದಳು.

ಅಷ್ಟರಲ್ಲಿ ಶಾಲೆಯಿಂದ ಬರುತ್ತಿದ್ದ ಸ್ನೇಹಾ ರಸ್ತೆಯ ಆಚೆ ಬದಿಯಲ್ಲಿ ನಿಂತುಬಿಟ್ಟಳು. ಅಮ್ಮ ಮಾರಕ್ಕನ ಒಲೆಯ ಮುಂದೆ, ಕೈಯಲ್ಲಿ ಬಜ್ಜಿ ಹಿಡಿದು ನಿಂತಿರುವುದನ್ನು ಬ್ಯಾಗಿನ ಪಟ್ಟಿ ಹಿಡಿದುಕೊಂಡು ನೋಡುತ್ತಿದ್ದಳು. ದಾಟಿ ಬರಬಹುದೋ ಬಾರದೋ ಅವಳಿಗೆ ತಿಳಿಯಲಿಲ್ಲ.

ಬೀದಿಯಲ್ಲಿ ಎಲ್ಲೋ ಒಂದು ಮಗ್ಗ ಶುರುವಾಯಿತು, ಅದರ ಹಿಂದೆ ಇನ್ನೊಂದು. ಹುಡುಗರು ಬಜ್ಜಿಯನ್ನು ಬಾಯಿಗೆ ತುರುಕಿಕೊಂಡು ಒಳಗೆ ಓಡಿದರು. ವಾಣಿ ಎಡಕ್ಕೂ ಬಲಕ್ಕೂ ಎರಡೆರಡು ಸಲ ನೋಡಿ, ಮಗಳಿಗೆ ಬಾ ಎಂದು ತಲೆಯಾಡಿಸಿದಳು. ಆಮೇಲೆ ಒಂದು ಬಜ್ಜಿಯನ್ನು ಮುರಿದು ಅರ್ಧವನ್ನು ಅಂಗೈಯಲ್ಲಿಟ್ಟುಕೊಂಡು ಊದತೊಡಗಿದಳು.